ಬಿಗಿಯಾಗಿ ಎಳೆದು ಕಟ್ಟಬೇಡಿ: ಹ್ಯಾಮಕ್‌ನಲ್ಲಿ ಬೆಳಗಿನವರೆಗೆ ನಿದ್ದೆ ಮಾಡಲು ಸಮಗ್ರ ಮಾರ್ಗದರ್ಶಿ

ಹ್ಯಾಮಕ್‌ನಲ್ಲಿ, ಅಂದರೆ ಎರಡು ಮರದ ನಡುವೆ ಕಟ್ಟುವ ತೂಗುಹಾಸಿಗೆಯಲ್ಲಿ, ಒಂದು ರಾತ್ರಿ ಮಲಗಿ ಎದ್ದವರಲ್ಲಿ ತುಂಬಾ ಜನ "ಬೆನ್ನು ಹಿಡಿದುಕೊಂಡಿತು, ಚಳಿಗೆ ಕಣ್ಣೇ ಹತ್ತಲಿಲ್ಲ, ಟೆಂಟೇ ವಾಸಿ" ಅನ್ನುತ್ತಾರೆ. ಹೇಗೆ ಕಟ್ಟಿದಿರಿ ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ, ಅದರಲ್ಲಿ ಉದ್ದಕ್ಕೆ ನೇರವಾಗಿ ಮಲಗಿರುತ್ತಾರೆ, ಬೆನ್ನ ಕೆಳಗೆ ಏನೂ ಹಾಕಿರುವುದಿಲ್ಲ. ಈ ಮೂರನ್ನು ಸರಿ ಮಾಡಿಕೊಂಡರೆ ಹ್ಯಾಮಕ್‌ನಷ್ಟು ಸುಖವಾದ ಹಾಸಿಗೆ ಕಾಡಂಚಿನಲ್ಲಿ ಇನ್ನೊಂದಿಲ್ಲ. ಕಲ್ಲು ಒತ್ತುವುದಿಲ್ಲ, ನೆಲದ ಒದ್ದೆ ತಾಗುವುದಿಲ್ಲ, ಇಳಿಜಾರು ಜಾಗವಾದರೂ ನಡೆಯುತ್ತದೆ.

ಇಲ್ಲಿ ಹೇಳುತ್ತಿರುವುದು ನಮ್ಮ ಮಲೆನಾಡು, ಕೊಡಗಿನ ಕಾಫಿ ತೋಟ, ಹೋಮ್‌ಸ್ಟೇ ಕ್ಯಾಂಪ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬೇರೆ ಕಡೆಗೂ ಅಳತೆಗಳು ಇವೇ. ಮರ, ಹವಾಮಾನ ಮಾತ್ರ ಬೇರೆ.

ಮೊದಲು ಜಾಗ

ಮೀಸಲು ಅರಣ್ಯದಲ್ಲಿ, ಅಭಯಾರಣ್ಯದಲ್ಲಿ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಆದ್ದರಿಂದ ಖಾಸಗಿ ತೋಟ, ಹೋಮ್‌ಸ್ಟೇ ಅಥವಾ ಅರಣ್ಯ ಇಲಾಖೆ ಒಪ್ಪಿದ ಕ್ಯಾಂಪ್ ಜಾಗವನ್ನೇ ನೋಡಿಕೊಳ್ಳಿ. ತೋಟದವರ ಹತ್ತಿರ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಈ ಕಡೆ ಆನೆ ಬರುತ್ತವಾ? ಸಕಲೇಶಪುರ, ಆಲೂರು, ಕೊಡಗಿನ ಎಷ್ಟೋ ತೋಟಗಳಲ್ಲಿ ರಾತ್ರಿ ಆನೆ ಓಡಾಡುತ್ತವೆ, ಹಲಸಿನ ಹಣ್ಣಿನ ಕಾಲದಲ್ಲಂತೂ ಇನ್ನೂ ಜಾಸ್ತಿ. ಬರುತ್ತವೆ ಅಂದರೆ ಅಲ್ಲಿ ಹ್ಯಾಮಕ್ ಬೇಡ, ಕಟ್ಟಡದ ಒಳಗೆ ಮಲಗಿ. ಈ ವಿಷಯದಲ್ಲಿ ಮ್ಯಾನೇಜರ್‌ಗಿಂತ ತೋಟದ ಕೆಲಸದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನೇ ಕೇಳಿ.

ಕಾಲ ನೋಡುವುದಾದರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತಿಗೆ ಗುಡುಗು ಸಿಡಿಲು ಬರುತ್ತದೆ. ಎರಡು ಮರದ ನಡುವೆ ಮಲಗಿರುವವರಿಗೆ ಸಿಡಿಲು ಅಂದರೆ ಆಟವಲ್ಲ. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಎದ್ದು ಒಳಗೆ ಹೋಗಬೇಕು.

ಮರ ಆರಿಸುವುದು

ತಲೆ ಎತ್ತಿ ಮೇಲೆ ನೋಡುವುದು ಮೊದಲ ಕೆಲಸ. ಒಣಗಿದ ಕೊಂಬೆ, ಮುರಿದು ಸಿಕ್ಕಿಹಾಕಿಕೊಂಡ ಕೊಂಬೆ ಇದ್ದರೆ ಮರ ಎಷ್ಟು ದಪ್ಪ ಇದ್ದರೂ ಬಿಟ್ಟುಬಿಡಿ. ಗಾಳಿ ಇಲ್ಲದ ರಾತ್ರಿಯಲ್ಲೂ ಒಣ ಕೊಂಬೆ ಬೀಳುತ್ತದೆ. ನೀವು ಮಲಗುವ ಮರಕ್ಕೆ ಮಾತ್ರವಲ್ಲ, ಪಕ್ಕದ ಮರಗಳಿಗೂ ಇದೇ ಮಾತು. ಆಮೇಲೆ ಕಾಂಡ ನೋಡಿ. ಕನಿಷ್ಠ ಒಂದು ಗೇಣು ದಪ್ಪ ಇರಬೇಕು, ಕೈಯಿಂದ ಜೋರಾಗಿ ದೂಡಿದರೆ ಅಲ್ಲಾಡಬಾರದು, ಬುಡದಲ್ಲಿ ಪೊಟರೆ ಅಥವಾ ಅಣಬೆ ಇರಬಾರದು.

ತೆಂಗಿನ ಮರ ಬೇಡವೇ ಬೇಡ, ಕಾಯಿ ಮತ್ತು ಗರಿ ಯಾವಾಗ ಬೀಳುತ್ತದೆ ಹೇಳೋಕಾಗಲ್ಲ. ಅಡಿಕೆ ಮರ ಸಾಲಾಗಿ ಸರಿಯಾದ ದೂರದಲ್ಲೇ ಇರುತ್ತದೆ, ನೋಡಿದರೆ ಆಸೆ ಆಗುತ್ತದೆ, ಆದರೆ ಸಪೂರ ಕಾಂಡ, ಮೇಲ್ಮಟ್ಟದ ಬೇರು. ಅಡ್ಡಕ್ಕೆ ಎಳೆದರೆ ಬಾಗುತ್ತದೆ. ಹಲಸು, ಮಾವು, ಮತ್ತಿ, ಹೊನ್ನೆ ಇವೆಲ್ಲ ಗಟ್ಟಿ.

ಕಾಫಿ ತೋಟದಲ್ಲಿ ಎಲ್ಲೆಲ್ಲೂ ಸಿಗುವುದು ಸಿಲ್ವರ್ ಓಕ್. ದಪ್ಪಗಿದ್ದರೆ ತಡೆಯುತ್ತದೆ. ಆದರೆ ಹತ್ತಿರ ಹೋಗಿ ನೋಡಿ, ಹೆಚ್ಚಿನ ಮರಗಳ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಬಳ್ಳಿ ತನ್ನ ಸಣ್ಣ ಬೇರುಗಳಿಂದ ತೊಗಟೆಗೆ ಅಂಟಿಕೊಂಡಿರುತ್ತದೆ. ಅದರ ಮೇಲೆ ಹ್ಯಾಮಕ್ ಕಟ್ಟುವ ಪಟ್ಟಿ ಸುತ್ತಿ ಎಪ್ಪತ್ತು ಕೆ.ಜಿ. ಭಾರ ಹಾಕಿದರೆ ಬಳ್ಳಿಯ ಕಾಂಡ ಜಜ್ಜಿಹೋಗುತ್ತದೆ, ಅಲ್ಲಿಂದ ಮೇಲಿನ ಬಳ್ಳಿ ಪೂರ್ತಿ ಒಣಗುತ್ತದೆ. ತೋಟದವರಿಗೆ ಅದು ವರ್ಷಗಟ್ಟಲೆ ಸಾಕಿದ ಬೆಳೆ. ಬಳ್ಳಿ ಇಲ್ಲದ ಮರವನ್ನೇ ಹುಡುಕಿ.

ಇನ್ನು ಇರುವೆ. ಮಾವು, ಹಲಸಿನ ಮೇಲೆ ಎಲೆಗಳನ್ನು ಹೆಣೆದು ಮಾಡಿದ ಚಗಳಿ ಗೂಡು ಕಂಡರೆ ಆ ಮರ ಬೇಡ. ನಿಮ್ಮ ಪಟ್ಟಿಯೇ ಅವಕ್ಕೆ ಸೇತುವೆ ಆಗುತ್ತದೆ.

ಎರಡು ಮರಗಳ ನಡುವಿನ ದೂರ 12ರಿಂದ 15 ಅಡಿ ಇದ್ದರೆ ಸಲೀಸು. ಸಾಧಾರಣ ಹೆಜ್ಜೆ ಹಾಕಿದರೆ ಐದಾರು ಹೆಜ್ಜೆ. 18 ಅಡಿವರೆಗೂ ನಡೆಯುತ್ತದೆ, ಆಗ ಪಟ್ಟಿಯನ್ನು ಎತ್ತರದಲ್ಲಿ ಕಟ್ಟಬೇಕಾಗುತ್ತದೆ.

ಸಾಮಾನು: ಉದ್ದ ಮುಖ್ಯ, ಅಗಲ ಅಲ್ಲ

ಎರಡೂ ತುದಿಯಲ್ಲಿ ಮರದ ಕೋಲು ಇರುವ ಬಲೆಯ ಹ್ಯಾಮಕ್ ರೆಸಾರ್ಟ್ ಅಂಗಳಕ್ಕೆ ಸರಿ. ರಾತ್ರಿ ಮಗ್ಗುಲು ಬದಲಿಸಿದರೆ ಅದು ನಿಮ್ಮನ್ನು ಕೆಡವುತ್ತದೆ. ಬೇಕಾಗಿರುವುದು ತುದಿಗಳನ್ನು ಒಟ್ಟು ಮಾಡಿ ಕಟ್ಟಿದ ನೈಲಾನ್ ಬಟ್ಟೆಯ ಹ್ಯಾಮಕ್.

ಕೊಳ್ಳುವಾಗ ಜನ "ಡಬಲ್" ಅಂತ ಬರೆದಿದೆಯಾ ಅಂತ ನೋಡುತ್ತಾರೆ. ಅದು ಅಗಲದ ಲೆಕ್ಕ. ನಿದ್ದೆ ಕೊಡುವುದು ಉದ್ದ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದೆಲ್ಲ ಸಾಮಾನ್ಯವಾಗಿ 260-270 ಸೆಂ.ಮೀ., ಅಂದರೆ ಒಂಬತ್ತು ಅಡಿಗೂ ಕಡಿಮೆ ಇರುತ್ತದೆ. ಅದರಲ್ಲಿ ಮಧ್ಯಾಹ್ನ ಪುಸ್ತಕ ಓದಬಹುದು. ರಾತ್ರಿಗೆ ನಿಮ್ಮ ಎತ್ತರಕ್ಕಿಂತ ನಾಲ್ಕೈದು ಅಡಿ ಉದ್ದ ಇರಲಿ, ಅಂದರೆ 10ರಿಂದ 11 ಅಡಿ. ಎತ್ತರ ಇರುವವರು 11ಕ್ಕಿಂತ ಕಡಿಮೆ ತೆಗೆದುಕೊಳ್ಳಬೇಡಿ.

ಮರಕ್ಕೆ ಸುತ್ತುವ ಪಟ್ಟಿ ಕನಿಷ್ಠ ಒಂದು ಇಂಚು ಅಗಲ ಇರಬೇಕು, ತೊಗಟೆ ಮೆತ್ತಗಿದ್ದರೆ ಎರಡು ಇಂಚು. ಪಾಲಿಯೆಸ್ಟರ್ ಪಟ್ಟಿ ಒಳ್ಳೆಯದು. ನೈಲಾನ್ ಪಟ್ಟಿ ಭಾರಕ್ಕೆ ಎಳೆದುಕೊಳ್ಳುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ, ಮಧ್ಯರಾತ್ರಿ ಎದ್ದು ನೋಡಿದರೆ ಸೊಂಟ ನೆಲದ ಹತ್ತಿರ ಇರುತ್ತದೆ. ಬರೀ ಹಗ್ಗವನ್ನು ಮರಕ್ಕೆ ಸುತ್ತಬೇಡಿ. ಸಣ್ಣ ಹಗ್ಗ ತೊಗಟೆಯನ್ನು ಕತ್ತರಿಸಿ ಅದರ ಕೆಳಗಿನ ಜೀವಂತ ಪದರಕ್ಕೆ ಪೆಟ್ಟು ಮಾಡುತ್ತದೆ. ಪಟ್ಟಿಗೆ ಹ್ಯಾಮಕ್ ಸಿಕ್ಕಿಸುವ ಲೋಹದ ಕೊಂಡಿಯ (ಕ್ಯಾರಬೈನರ್) ಮೇಲೆ ಭಾರದ ಗುರುತು ಇರಬೇಕು. 12 ಕಿಲೋನ್ಯೂಟನ್ ಅಂತಿದ್ದರೆ ಸುಮಾರು 1,200 ಕೆ.ಜಿ. ಎಳೆತ ತಡೆಯುತ್ತದೆ ಅಂತ ಅರ್ಥ. ಕೀ ಗೊಂಚಲಿಗೆ ಹಾಕುವ ಬಣ್ಣದ ಕೊಂಡಿಯನ್ನು ನಂಬಬೇಡಿ.

ಕಟ್ಟುವುದು

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾಗಿರುವುದು ಇಲ್ಲಿ.

ಪಟ್ಟಿಯನ್ನು ಮರಕ್ಕೆ ಒಂದು ಸುತ್ತು ಹಾಕಿ, ಅದರದ್ದೇ ಕುಣಿಕೆಯೊಳಗೆ ತೂರಿಸಿ ಎಳೆಯಿರಿ. ತಿರುಚಿಕೊಂಡಿದ್ದರೆ ಬಿಡಿಸಿ ಚಪ್ಪಟೆ ಮಾಡಿ. ಎತ್ತರ ಎಷ್ಟು? 11 ಅಡಿ ಹ್ಯಾಮಕ್‌ಗೆ ಮರಗಳು 13 ಅಡಿ ದೂರದಲ್ಲಿದ್ದರೆ ನೆಲದಿಂದ ಐದು-ಐದೂವರೆ ಅಡಿ. 15 ಅಡಿ ದೂರ ಇದ್ದರೆ ಐದೂವರೆಯಿಂದ ಆರು. ದೂರ ಒಂದು ಅಡಿ ಹೆಚ್ಚಾದಷ್ಟೂ ಮೂರೂವರೆ ಇಂಚು ಎತ್ತರ ಸೇರಿಸುತ್ತಾ ಹೋಗಿ. ಕೈಗೆ ಎಟುಕದಷ್ಟು ಮೇಲೆ ಕಟ್ಟಬೇಕಾಗಿ ಬಂದರೆ ಮರ ದೂರ ಆಯಿತು ಅಂತ ಲೆಕ್ಕ, ಬೇರೆ ಜೋಡಿ ನೋಡಿ.

ಈಗ ಹ್ಯಾಮಕ್ ಸಿಕ್ಕಿಸಿ. ಪಟ್ಟಿ ಮರದಿಂದ ಹ್ಯಾಮಕ್‌ಗೆ ಇಳಿಯುವ ಇಳಿಜಾರು ಅಡ್ಡಗೆರೆಗೆ 30 ಡಿಗ್ರಿ ಇರಬೇಕು. ಅಳೆಯಲು ಸುಲಭದ ದಾರಿ ಇದೆ. ಹೆಬ್ಬೆರಳು ಮೇಲಕ್ಕೆ, ತೋರುಬೆರಳು ಮರದ ಕಡೆಯಿಂದ ಹ್ಯಾಮಕ್ ಕಡೆಗೆ ಅಡ್ಡಕ್ಕೆ ಚಾಚಿ, ಕೈಯನ್ನು ಪಟ್ಟಿಯ ಪಕ್ಕ ಹಿಡಿಯಿರಿ. ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಒಂದು ಗೆರೆ ಎಳೆದ ಹಾಗೆ ಪಟ್ಟಿ ಇಳಿದರೆ ಅದು ಹೆಚ್ಚುಕಡಿಮೆ 30 ಡಿಗ್ರಿ. ಮೊಬೈಲ್‌ನ ಲೆವೆಲ್ ಆ್ಯಪ್ ಇಟ್ಟು ನೋಡಿದರೂ ಆಯಿತು.

ಯಾಕೆ 30? ಆ ಕೋನದಲ್ಲಿ ಒಂದೊಂದು ಪಟ್ಟಿಯ ಮೇಲೂ ನಿಮ್ಮ ತೂಕದಷ್ಟೇ ಎಳೆತ ಬೀಳುತ್ತದೆ. 70 ಕೆ.ಜಿ. ಇದ್ದವರಿಗೆ ಈ ಕಡೆ 70, ಆ ಕಡೆ 70. ಬಿಗಿಯಾಗಿ ಎಳೆದು ಕೋನವನ್ನು 10 ಡಿಗ್ರಿಗೆ ಇಳಿಸಿದರೆ ಅದು ತಲಾ 200 ಕೆ.ಜಿ. ದಾಟುತ್ತದೆ. 5 ಡಿಗ್ರಿಗೆ ಬಂದರೆ 400. ತೂಕ ನಿಮ್ಮದೇ, ಹೆಚ್ಚಾಗಿದ್ದು ಎಳೆತ ಮಾತ್ರ. ಹೊಲಿಗೆ ಬಿಚ್ಚಿ ಬೀಳುವುದು, ಸಣ್ಣ ಮರ ಬಾಗುವುದು ಎಲ್ಲ ಇದರಿಂದಲೇ. ನಿದ್ದೆಯ ಕಥೆಯೂ ಅಷ್ಟೇ: ಬಿಗಿಯಾದ ಬಟ್ಟೆಯ ಎರಡೂ ಅಂಚು ಮೇಲೆದ್ದು ಭುಜವನ್ನು ಒಳಕ್ಕೆ ಹಿಂಡುತ್ತವೆ, ಓರೆಯಾಗಿ ಮಲಗಲು ಜಾಗವೇ ಉಳಿಯುವುದಿಲ್ಲ. ಸಡಿಲ ಬಿಟ್ಟಾಗಲೇ ಬೆನ್ನು ಸಮ ಆಗುತ್ತದೆ. ಕೇಳೋಕೆ ಉಲ್ಟಾ ಅನ್ನಿಸುತ್ತದೆ ಅಲ್ವಾ? ಒಮ್ಮೆ ಎರಡೂ ರೀತಿ ಕಟ್ಟಿ ಮಲಗಿ ನೋಡಿ, ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರತಿ ಸಲ ಕೋನ ಅಳೆಯುವ ತಾಪತ್ರಯ ಬೇಡ ಅನ್ನುವವರಿಗೆ ಒಂದು ಒಳ್ಳೆ ಉಪಾಯ ರಿಡ್ಜ್‌ಲೈನ್. ಹ್ಯಾಮಕ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ, ನಿಮ್ಮ ಮುಖದ ಮೇಲೆ ಹಾದುಹೋಗುವ ಹಾಗೆ, ಹಿಗ್ಗದ ಗಟ್ಟಿ ದಾರ ಕಟ್ಟುವುದು. ಅದರ ಉದ್ದ ಹ್ಯಾಮಕ್ ಉದ್ದದ ಶೇ. 83ರಷ್ಟು. 10 ಅಡಿ ಹ್ಯಾಮಕ್‌ಗೆ 8 ಅಡಿ 4 ಇಂಚು, 11 ಅಡಿಗೆ 9 ಅಡಿ ಒಂದೂವರೆ ಇಂಚು. ಒಂದು ಸಲ ಅಳೆದು ಕಟ್ಟಿಟ್ಟರೆ ಮರ ಯಾವುದೇ ಇರಲಿ, ಬಟ್ಟೆಯ ಬಾಗು ಪ್ರತಿ ರಾತ್ರಿ ಒಂದೇ ಥರ ಇರುತ್ತದೆ. ನೀವು ಮಲಗಿದ ಮೇಲೆ ಆ ದಾರವನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿ. ಸ್ವಲ್ಪ ಬಾಗಿದರೆ ಸರಿ ಇದೆ. ವೀಣೆಯ ತಂತಿಯಂತೆ ಬಿಗಿದು ನಿಂತಿದ್ದರೆ ಪಟ್ಟಿಯ ಕೋನ ಕಡಿಮೆಯಾಯಿತು, ಸಡಿಲಿಸಿ. ಜೋತುಬಿದ್ದಿದ್ದರೆ ಪಟ್ಟಿ ಸಡಿಲ ಜಾಸ್ತಿಯಾಯಿತು. ರಾತ್ರಿ ಟಾರ್ಚ್, ಕನ್ನಡಕ ನೇತುಹಾಕಲಿಕ್ಕೂ ಇದೇ ದಾರ ಉಪಯೋಗಕ್ಕೆ ಬರುತ್ತದೆ.

ಕಾಲಿನ ಕಡೆಯ ತುದಿ ತಲೆಯ ಕಡೆಗಿಂತ ಅರ್ಧ ಅಡಿ, ಬೇಕಾದರೆ ಇನ್ನೂ ಎರಡಿಂಚು ಎತ್ತರ ಇರಲಿ. ಮೈಯ ಭಾರವೆಲ್ಲ ಸೊಂಟದ ಮೇಲ್ಭಾಗದಲ್ಲಿದೆ. ಎರಡೂ ಸಮ ಕಟ್ಟಿದರೆ ನಿದ್ದೆಯಲ್ಲಿ ನಿಧಾನಕ್ಕೆ ಕಾಲಿನ ಕಡೆಗೆ ಜಾರುತ್ತೀರಿ, ಬೆಳಗಿನ ಜಾವ ಕಾಲು ಮಡಚಿಕೊಂಡು ಮಧ್ಯದಲ್ಲಿ ಗುಡ್ಡೆಯಾಗಿರುತ್ತೀರಿ. ಇಳಿಜಾರು ಜಾಗದಲ್ಲಿ ನೆಲದಿಂದ ಅಳೆದರೆ ಮೋಸ ಹೋಗುತ್ತೀರಿ, ಕಣ್ಣಳತೆಯಲ್ಲಿ ಅಡ್ಡಗೆರೆ ಹಿಡಿದು ನೋಡಿ.

ಕೂತಾಗ ಬಟ್ಟೆ ನೆಲದಿಂದ ಒಂದೂವರೆ ಅಡಿ ಇರಬೇಕು, ಅಂದರೆ ಕುರ್ಚಿಯ ಎತ್ತರ. ಕೆಳಗೆ ಕಲ್ಲು, ಕಡಿದ ಕಾಫಿ ಗಿಡದ ಮೋಟು ಇರಬಾರದು. ಹತ್ತುವ ಮೊದಲು ಎರಡೂ ಕೈಯಲ್ಲಿ ಬಟ್ಟೆಯನ್ನು ಒತ್ತಿ ಭಾರ ಬಿಡಿ, ಮರ ಮತ್ತು ಗಂಟು ನೋಡಿ, ಆಮೇಲೆ ನಿಧಾನಕ್ಕೆ ಕೂರಿ. ಹಾರಿ ಕೂರಬೇಡಿ. ಒಂದರ ಮೇಲೊಂದು ಹ್ಯಾಮಕ್ ಕಟ್ಟಿ ಫೋಟೊ ತೆಗೆಯುವುದಂತೂ ಬೇಡ, ಮೇಲಿನದು ಕಿತ್ತರೆ ಇಬ್ಬರಿಗೂ ಪೆಟ್ಟು.

ಮಲಗುವುದಕ್ಕೂ ಒಂದು ರೀತಿ ಇದೆ

ಮಧ್ಯದಲ್ಲಿ ಕೂತು, ಬೆನ್ನ ಹಿಂದಿನ ಬಟ್ಟೆಯನ್ನು ಹರಡಿ, ಹಿಂದಕ್ಕೆ ಒರಗಿ ಕಾಲು ಮೇಲೆ ತೆಗೆದುಕೊಳ್ಳಿ. ಈಗ ನೀವು ಉದ್ದಕ್ಕೆ ನೇರವಾಗಿದ್ದೀರಿ, ಮೈ ಬಿಲ್ಲಿನಂತೆ ಬಾಗಿದೆ. ಹೀಗೆ ಅರ್ಧ ಗಂಟೆ ಇದ್ದರೆ ಸೊಂಟ ನೋಯುತ್ತದೆ. ತಲೆಯನ್ನು ಮಧ್ಯದಿಂದ ಒಂದಡಿ ಎಡಕ್ಕೆ ಸರಿಸಿ, ಕಾಲನ್ನು ಒಂದಡಿ ಬಲಕ್ಕೆ. ನಿಮಗೆ ಹೊಂದಿದರೆ ಇದರ ಉಲ್ಟಾ. ಓರೆಯಾದ ಕೂಡಲೇ ಬಟ್ಟೆ ನಿಮ್ಮ ಕೆಳಗೆ ಹರಡಿಕೊಂಡು ಬೆನ್ನು, ಕಾಲು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಹುಟ್ಟಿದಾಗಿನಿಂದ ಹ್ಯಾಮಕ್‌ನಲ್ಲೇ ಮಲಗುವ ಮೆಕ್ಸಿಕೊದ ಯುಕಟಾನ್ ಕಡೆಯ ಮಾಯಾ ಜನ ಮಲಗುವುದು ಹೀಗೇ, ಓರೆಯಾಗಿ. ಮಗ್ಗುಲಾಗಿ ಮಲಗುವವರಿಗೂ ಹೊಂದುತ್ತದೆ. ಬೋರಲು ಮಲಗುವವರಿಗೆ ಮಾತ್ರ ಕಷ್ಟ.

ಮೀನಖಂಡಕ್ಕೆ ಬಟ್ಟೆಯ ಏಣು ಒತ್ತುತ್ತಿದ್ದರೆ ಇನ್ನೂ ಸ್ವಲ್ಪ ಓರೆಯಾಗಿ. ಅದಕ್ಕೂ ಬಗ್ಗದಿದ್ದರೆ ಹ್ಯಾಮಕ್ ನಿಮಗೆ ಗಿಡ್ಡ. ಮಂಡಿ ಹಿಂದಕ್ಕೆ ಎಳೆದ ಹಾಗೆ ಅನ್ನಿಸಿದರೆ ಮಂಡಿ ಕೆಳಗೆ ಸುತ್ತಿದ ಜಾಕೆಟ್ ಇಡಿ. ಈ ಸಣ್ಣ ಕೆಲಸದಿಂದ ರಾತ್ರಿಯೇ ಬದಲಾಗುತ್ತದೆ. ತಲೆದಿಂಬು ದಪ್ಪ ಬೇಡ, ಬಟ್ಟೆಯೇ ತಲೆಯನ್ನು ಎತ್ತಿಕೊಟ್ಟಿರುತ್ತದೆ. ಕತ್ತಿನ ಕೆಳಗೆ ಒಂದು ಮಡಚಿದ ಶಾಲು ಸಾಕು.

ಚಳಿ ಬರುವುದು ಕೆಳಗಿನಿಂದ

ಮಲೆನಾಡಿನಲ್ಲಿ ಡಿಸೆಂಬರ್, ಜನವರಿ ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿಯುವುದು ಸಾಮಾನ್ಯ. ಅಷ್ಟೇ ಯಾಕೆ, 20 ಡಿಗ್ರಿ ಇರುವ ರಾತ್ರಿಯಲ್ಲೂ ಹ್ಯಾಮಕ್‌ನಲ್ಲಿ ಬೆನ್ನು ತಣ್ಣಗಾಗುತ್ತದೆ. ಮೇಲೆ ಎರಡು ರಗ್ಗು ಹೊದ್ದರೂ ಉಪಯೋಗ ಇಲ್ಲ. ಕಾರಣ ಸರಳ. ಬಟ್ಟೆಯ ಕೆಳಗೆ ಗಾಳಿ ಸದಾ ಓಡಾಡುತ್ತಿರುತ್ತದೆ, ಮೈಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತಾ ಇರುತ್ತದೆ. ಸ್ಲೀಪಿಂಗ್ ಬ್ಯಾಗ್ ಒಳಗಿದ್ದರೂ ಅದೇ ಕಥೆ, ಯಾಕೆಂದರೆ ಬೆಚ್ಚಗಿಡುವುದು ಅದರೊಳಗೆ ಉಬ್ಬಿ ನಿಂತ ಗಾಳಿ. ನಿಮ್ಮ ಬೆನ್ನ ಕೆಳಗೆ ಅದು ಅಪ್ಪಚ್ಚಿಯಾಗಿರುತ್ತದೆ.

ಅತ್ಯುತ್ತಮ ಪರಿಹಾರ ಅಂಡರ್‌ಕ್ವಿಲ್ಟ್. ಹ್ಯಾಮಕ್‌ನ ಹೊರಗೆ, ಕೆಳಗಡೆ ನೇತುಹಾಕುವ ರಜಾಯಿ ಅದು. ನಿಮ್ಮ ಭಾರ ಅದರ ಮೇಲೆ ಬೀಳುವುದಿಲ್ಲ, ಹಾಗಾಗಿ ಉಬ್ಬಿಕೊಂಡೇ ಇರುತ್ತದೆ. ಕಟ್ಟುವಾಗ ಬಟ್ಟೆಗೆ ಹೌದೋ ಅಲ್ಲವೋ ಅನ್ನುವಷ್ಟು ತಾಗಬೇಕು. ನಡುವೆ ಸಂದು ಬಿಟ್ಟರೆ ತಣ್ಣನೆ ಗಾಳಿ ನುಗ್ಗುತ್ತದೆ, ಬಿಗಿ ಮಾಡಿದರೆ ಅದೂ ಅಪ್ಪಚ್ಚಿ. ಮಲಗಿ ಕೈಯನ್ನು ಹೊರಗಿನಿಂದ ಕೆಳಗೆ ತೂರಿಸಿ ಸೊಂಟದ ಹತ್ತಿರ, ಭುಜದ ಹತ್ತಿರ ಮುಟ್ಟಿ ನೋಡಿ.

ಬೆಲೆ ಜಾಸ್ತಿ, ಒಂದೆರಡು ರಾತ್ರಿಗೆ ಯಾಕೆ ಅನ್ನುವವರು ಫೋಮ್ ಮ್ಯಾಟ್ ಹಾಕಿಕೊಳ್ಳಿ. ಯೋಗ ಮ್ಯಾಟ್ ಕೂಡ ಆಗುತ್ತದೆ. ಅದರ ಕಷ್ಟ ಎರಡು: ಜಾರುತ್ತದೆ, ಮತ್ತು ಅಗಲ ಎರಡು ಅಡಿಯಷ್ಟೇ ಆದ್ದರಿಂದ ಭುಜ ಹೊರಗುಳಿಯುತ್ತದೆ. ಎರಡು ಪದರದ ಹ್ಯಾಮಕ್ ಇದ್ದರೆ ಮ್ಯಾಟನ್ನು ಪದರಗಳ ನಡುವೆ ತೂರಿಸಿ, ಜಾರುವುದು ನಿಲ್ಲುತ್ತದೆ. ಭುಜಕ್ಕೆ ಇನ್ನೊಂದು ಹಳೇ ಮ್ಯಾಟ್‌ನಿಂದ ಎರಡಡಿ ತುಂಡು ಕತ್ತರಿಸಿ ಅಡ್ಡಕ್ಕೆ ಹಾಕಿ. ಮ್ಯಾಟನ್ನೂ ಓರೆಯಾಗಿಯೇ ಇಡಬೇಕು, ನೀವು ಮಲಗುವ ದಿಕ್ಕಿಗೆ. ಫೋಮ್ ಬೆವರು ಹಿಡಿಯುತ್ತದೆ, ಅದರ ಮೇಲೆ ಒಂದು ಕುರುಬರ ಕಂಬಳಿ ಹಾಸಿದರೆ ಆ ಕಿರಿಕಿರಿಯೂ ಇಲ್ಲ, ಬೆಚ್ಚಗೂ ಇರುತ್ತದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ನಮ್ಮ ಹವೆಗೆ ಮ್ಯಾಟ್ ಮತ್ತು ಕಂಬಳಿಯ ಈ ಜೋಡಿಯನ್ನು ಮೀರಿಸುವ ಕಡಿಮೆ ಖರ್ಚಿನ ದಾರಿ ನನಗೆ ಕಂಡಿಲ್ಲ.

ಮಲಗುವ ಮೊದಲು ಬಿಸಿ ಊಟ ಮಾಡಿ, ಒಣ ಸಾಕ್ಸ್ ಹಾಕಿ, ಒಂದಕ್ಕೆ ಹೋಗಿ ಬನ್ನಿ.

ಸೊಳ್ಳೆ, ಉಣುಗು, ಇಂಬಳ

ಸೊಳ್ಳೆ ಪರದೆ ಇರುವ ಹ್ಯಾಮಕ್ ತೆಗೆದುಕೊಳ್ಳಿ ಅಥವಾ ಪೂರ್ತಿ ಸುತ್ತುವ ಚೀಲದಂಥ ಪರದೆ ಹಾಕಿ. ತೆಳು ನೈಲಾನ್ ಬಟ್ಟೆಯ ಕೆಳಗಿನಿಂದಲೂ ಸೊಳ್ಳೆ ಕಚ್ಚುತ್ತದೆ, ಇದು ಹೊಸಬರಿಗೆ ಗೊತ್ತಿರುವುದಿಲ್ಲ. ಮ್ಯಾಟ್ ಇದ್ದರೆ ಆ ಕಾಟವೂ ತಪ್ಪಿತು. ಪರದೆಯನ್ನು ರಿಡ್ಜ್‌ಲೈನ್ ಮೇಲೆ ಎತ್ತಿ ಹಾಕಿ, ಮೊಣಕೈಗೆ ತಾಗದಂತೆ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವವರು ಉಣುಗಿನ ಬಗ್ಗೆ ಎಚ್ಚರ ಇರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇದರಿಂದಲೇ ಬರುವುದು, ಅದೂ ಚಳಿಗಾಲ, ಬೇಸಿಗೆಯಲ್ಲಿ, ಅಂದರೆ ಸರಿಯಾಗಿ ಕ್ಯಾಂಪಿಂಗ್ ಕಾಲದಲ್ಲೇ. ಹ್ಯಾಮಕ್ ನಿಮ್ಮನ್ನು ನೆಲದಿಂದ ಮೇಲೆ ಇಡುತ್ತದೆ ನಿಜ, ಆದರೆ ಉಣುಗು ಹತ್ತುವುದು ಮರ ಹುಡುಕುತ್ತಾ ತರಗೆಲೆಯಲ್ಲಿ ಓಡಾಡುವಾಗ. ಉದ್ದ ಪ್ಯಾಂಟ್ ಹಾಕಿ ಅದನ್ನು ಸಾಕ್ಸ್ ಒಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮಲಗುವ ಮೊದಲು ಮೈಯೆಲ್ಲ ಪರೀಕ್ಷಿಸಿ. ಮಂಗ ಸತ್ತಿದೆ ಅಂತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಮಳೆಗಾಲದ ಇಂಬಳಕ್ಕೂ (ಜಿಗಣೆ) ಉದ್ದ ಪ್ಯಾಂಟ್, ಸಾಕ್ಸ್ ಉಪಾಯವೇ.

ಶೂಗಳನ್ನು ನೆಲದಲ್ಲಿ ಬಿಡಬೇಡಿ. ಲೇಸ್ ಕಟ್ಟಿ ಪಟ್ಟಿಗೆ ನೇತುಹಾಕಿ, ರಾತ್ರಿ ಇಳಿಯುವ ಮೊದಲು ಟಾರ್ಚ್ ಹಾಕಿ ನೆಲ ನೋಡಿ, ಶೂ ಕೊಡವಿ ಹಾಕಿಕೊಳ್ಳಿ. ಚೇಳು, ಹಾವು ಇರುವ ನಾಡು ಇದು.

ಮಳೆ ಇಲ್ಲದಿದ್ದರೂ ಟಾರ್ಪಾಲು ಕಟ್ಟಿ

ಚಳಿಗಾಲದಲ್ಲಿ ಮಲೆನಾಡಿನ ಮಂಜು ಎಲೆಯ ಮೇಲೆ ಕೂತು ಬೆಳಗಿನ ಜಾವ ಟಪಟಪ ಅಂತ ಉದುರುತ್ತದೆ, ಥೇಟ್ ಮಳೆಯೇ. ಟಾರ್ಪಾಲು ಇದ್ದರೆ ಅದನ್ನೂ ತಡೆಯುತ್ತದೆ, ಒಳಗೆ ಸ್ವಲ್ಪ ಬೆಚ್ಚಗೂ ಇರುತ್ತದೆ. ಹ್ಯಾಮಕ್‌ನ ಎರಡೂ ತುದಿಯಿಂದ ಆಚೆಗೆ ಕನಿಷ್ಠ ಒಂದಡಿ ಚಾಚಿಕೊಂಡಿರಬೇಕು. 3 ಮೀಟರ್ ಚೌಕದ್ದು ಇದ್ದರೆ ಮೂಲೆಯಿಂದ ಮೂಲೆಗೆ ಕಟ್ಟಿ, ನಾಲ್ಕು ಮೀಟರ್‌ಗಿಂತ ಜಾಸ್ತಿ ಉದ್ದ ಸಿಗುತ್ತದೆ. ಗಾಳಿ ಮಳೆಗೆ 3x4 ಮೀಟರ್‌ನದ್ದು ವಾಸಿ. ಗಾಳಿ ಬೀಸುವ ಕಡೆಯ ಅಂಚನ್ನು ಕೆಳಗೆ ಇಳಿಸಿ ಗೂಟ ಹೊಡೆಯಿರಿ, ಇನ್ನೊಂದು ಕಡೆ ಎತ್ತರ ಬಿಡಿ. ಕಾಫಿ ಗಿಡಕ್ಕೆ ಹಗ್ಗ ಕಟ್ಟಬೇಡಿ, ಕೊಂಬೆ ಮುರಿಯುತ್ತದೆ.

ಮರದ ಕಾಂಡದ ಮೇಲೆ ಇಳಿದ ನೀರು ಪಟ್ಟಿ ಹಿಡಿದುಕೊಂಡು ಸೀದಾ ಹ್ಯಾಮಕ್ ಒಳಗೆ ಬರುತ್ತದೆ. ಅದಕ್ಕೆ ಟಾರ್ಪಾಲಿನ ನೆರಳಿನೊಳಗೆ, ಪಟ್ಟಿಯ ಮೇಲೆ ಒಂದು ಹತ್ತಿ ದಾರ ಅಥವಾ ಬಟ್ಟೆಯ ಚೂರು ಗಂಟು ಹಾಕಿ ಗೇಣುದ್ದ ಜೋತುಬಿಡಿ. ನೀರು ಆ ದಾರ ಹಿಡಿದು ಕೆಳಗೆ ತೊಟ್ಟಿಕ್ಕುತ್ತದೆ. ಎರಡೂ ಕಡೆ ಕಟ್ಟಿ. ಬಾಟಲಿಯಿಂದ ಮರದ ಹತ್ತಿರ ಪಟ್ಟಿಯ ಮೇಲೆ ಸ್ವಲ್ಪ ನೀರು ಸುರಿದು ನೋಡಿದರೆ ಕೆಲಸ ಮಾಡುತ್ತಾ ಇಲ್ಲವಾ ಕಣ್ಣಿಗೇ ಕಾಣುತ್ತದೆ.

ಮಳೆ ಬರುತ್ತಿರುವಾಗಲೇ ಜಾಗ ತಲುಪಿದರೆ ಮೊದಲು ಟಾರ್ಪಾಲು, ಆಮೇಲೆ ಹ್ಯಾಮಕ್. ಬಿಚ್ಚುವಾಗ ಇದರ ಉಲ್ಟಾ.

ಕತ್ತಲಾಗುವ ಮೊದಲು ಇಪ್ಪತ್ತು ನಿಮಿಷ

ಎಲ್ಲ ಕಟ್ಟಿದ ಮೇಲೆ ಸುಮ್ನೆ ಹತ್ತಿ ಇಳಿದರೆ ಸಾಲದು. ಮ್ಯಾಟ್, ಹೊದಿಕೆ, ದಿಂಬು ಎಲ್ಲ ಹಾಕಿಕೊಂಡು ಬೆಳಕಿರುವಾಗಲೇ ಇಪ್ಪತ್ತು ನಿಮಿಷ ಮಲಗಿ. ಹೊಸ ಪಟ್ಟಿ, ಗಂಟು ಎಲ್ಲ ಆ ಹೊತ್ತಿನಲ್ಲಿ ಕೂತುಕೊಳ್ಳುತ್ತವೆ, ಎರಡು ಮೂರು ಇಂಚು ಕೆಳಗೆ ಇಳಿಯುವುದು ಸಹಜ. ಇಳಿದು ಮತ್ತೆ ಎತ್ತರ ಸರಿ ಮಾಡಿ. ಭುಜ ಹಿಂಡುತ್ತಿದೆಯಾ, ಪಟ್ಟಿ ಸಡಿಲಿಸಿ. ಕಾಲಿನ ಕಡೆ ಜಾರುತ್ತಿದ್ದೀರಾ, ಕಾಲಿನ ತುದಿಯನ್ನು ಇನ್ನೆರಡು ಇಂಚು ಏರಿಸಿ. ತಲೆಗೆ ರಕ್ತ ಇಳಿದ ಹಾಗೆ ಅನ್ನಿಸಿದರೆ ಏರಿಸಿದ್ದು ಜಾಸ್ತಿಯಾಯಿತು. ತೂಗಾಟದಿಂದ ತಲೆ ಸುತ್ತುವವರು ಹ್ಯಾಮಕ್‌ನ ಎರಡು ಪಕ್ಕಕ್ಕೂ ಸಣ್ಣ ದಾರ ಕಟ್ಟಿ ನೆಲದ ಗೂಟಕ್ಕೆ ಸಿಕ್ಕಿಸಿದರೆ ತೂಗುವುದು ನಿಲ್ಲುತ್ತದೆ. ಒಂದೊಂದು ಸಲಕ್ಕೆ ಒಂದನ್ನೇ ಬದಲಿಸಿ, ಆಗ ಯಾವುದರಿಂದ ಸರಿಹೋಯಿತು ಅಂತ ತಿಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಗಂಟು ಬಿಚ್ಚುವ ಕೆಲಸ ಯಾರಿಗೂ ಬೇಡ.

ಬೆಳಿಗ್ಗೆ ಬಿಚ್ಚುವಾಗ ಒದ್ದೆ ಇದ್ದರೆ ಹಾಗೇ ಚೀಲಕ್ಕೆ ತುರುಕಿ ತಂದರೂ ಪರವಾಗಿಲ್ಲ, ಆದರೆ ಮನೆಗೆ ಬಂದ ದಿನವೇ ನೆರಳಿನಲ್ಲಿ ಹರವಿ ಒಣಗಿಸಿ. ಬಿಸಿಲಿಗೆ ದಿನಗಟ್ಟಲೆ ಬಿಟ್ಟರೆ ನೈಲಾನ್ ಬಲ ಕಳೆದುಕೊಳ್ಳುತ್ತದೆ, ಒದ್ದೆಯಲ್ಲೇ ಬಿಟ್ಟರೆ ಬೂಸು ಹಿಡಿಯುತ್ತದೆ. ಒಣಗಿದ ಮೇಲೆ ಪಟ್ಟಿಯ ಹೊಲಿಗೆ ಮತ್ತು ತುದಿಯ ಕುಣಿಕೆಗಳನ್ನು ಬೆರಳಾಡಿಸಿ ನೋಡಿ. ನೂಲು ಎದ್ದಿದ್ದರೆ ಆ ಪಟ್ಟಿಯನ್ನು ಟಾರ್ಪಾಲು ಕಟ್ಟಲು ಇಟ್ಟುಕೊಳ್ಳಿ, ಮಲಗಲು ಹೊಸದು ತನ್ನಿ.